ಮಿಹ್ ಎಲ್ಲಿ ಬಿಟ್ಟಿರಿ?

ಜುಲೈ ತಿಂಗಳ ಒಂದು ಸಂಜೆ. ಮೂರು ದಿನದಿಂದ ಮಳೆ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ನನ್ನ ಸರದಿ ಬಂತು. ಬೆಳಗ್ಗೆ ಎದ್ದು ಏನೇನು ಮಾಡುತ್ತೀರಿ, ಜರ್ಮನ್‌ನಲ್ಲಿ ಹೇಳಿ ಅಂದರು ಮೇಡಂ. ಆರಕ್ಕೆ ಏಳುತ್ತೇನೆ ಅಂದೆ. ಕಾಫಿ ಕುಡಿಯುತ್ತೇನೆ ಅಂದೆ. ಸ್ನಾನ ಮಾಡುತ್ತೇನೆ ಅಂದೆ. ಇಷ್ಟು ಹೇಳುವಷ್ಟರಲ್ಲಿ ಧೈರ್ಯ ಬಂದಿತ್ತು. "ಇಹ್ ತ್ಸೀಯೆ ಆನ್" ಅಂದೆ. ಬಟ್ಟೆ ಹಾಕಿಕೊಳ್ಳುತ್ತೇನೆ ಅಂತ ನನ್ನ ಲೆಕ್ಕ.

ಫೋನಿನಲ್ಲಿ ಮೇಡಂ ಮುಖ ಅಲುಗಾಡದೆ ನಿಂತಿತು. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ. ಅವರು ನಗು ತಡೆದುಕೊಂಡಿದ್ದರು.

"ಯಾರನ್ನ?" ಅಂದರು. "ಮಿಹ್ ಎಲ್ಲಿ ಬಿಟ್ಟಿರಿ? ಬರೀ ಆನ್‌ತ್ಸೀಯೆನ್ ಅಂದರೆ ನೀವು ಯಾರನ್ನೋ ಸೆಳೀತೀರಿ ಅಂತಲೂ ಆಗುತ್ತೆ, ಅಯಸ್ಕಾಂತದ ಹಾಗೆ."

ಕ್ಲಾಸಿನಲ್ಲಿ ಇದ್ದವರೆಲ್ಲ ನರ್ಸಿಂಗ್ ಹುಡುಗಿಯರು. ನಲವತ್ತು ದಾಟಿದವನು ನಾನೊಬ್ಬನೇ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಸೆಳೆಯುತ್ತೇನೆ ಅಂದಿದ್ದೆ. ಒಳಕೋಣೆಯಿಂದ ಹೆಂಡತಿ ನಗುವುದು ಕೇಳಿಸಿತು.

ಈ ನಾಚಿಕೆಗೆ ಇನ್ನೊಂದು ಕಾರಣವೂ ಇದೆ. ನಾನು ಟೈಲರ್. ಮಡಿಕೇರಿಯಲ್ಲಿ ಮಾರುಕಟ್ಟೆ ಕಡೆ ಇಳಿಯುವ ಒಂದು ಓಣಿಯಲ್ಲಿ ಅಂಗಡಿ. ಅಪ್ಪ ಶನಿವಾರಸಂತೆ ಕಡೆಯವರು. ಒಂದು ಮೆಷಿನ್, ಒಂದು ಕತ್ತರಿ ಹೊತ್ತುಕೊಂಡು ಬಂದು ಇಲ್ಲಿ ನಿಂತರು. ಅವರ ನಂತರ ನಾನು ಅದೇ ಜಾಗದಲ್ಲಿ 22 ವರ್ಷದಿಂದ ಕೂತಿದ್ದೇನೆ. ಊರಿನ ಇಷ್ಟೊಂದು ಜನಕ್ಕೆ ಬಟ್ಟೆ ಹೊಲಿದವನಿಗೆ ತಾನು ಬಟ್ಟೆ ಹಾಕಿಕೊಂಡೆ ಅಂತ ಹೇಳಲು ಬರಲಿಲ್ಲ ಅಂದರೆ ಹೇಗೆ?

ಟೈಲರಿಗೆ ಜರ್ಮನ್ ಯಾಕೆ ಅಂತ ಕೇಳುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ನನ್ನ ಹೆಂಡತಿ ಸ್ಟಾಫ್ ನರ್ಸ್. ಜರ್ಮನಿಗೆ ಹೋಗಬೇಕು ಅಂತ ಹೊರಟಿದ್ದಾಳೆ. ಅವಳು ಬಿ2 ಮಟ್ಟದ ಪರೀಕ್ಷೆಗೆ ಓದುತ್ತಿದ್ದಾಳೆ. ಎ1ರಿಂದ ಸಿ2ವರೆಗೆ ಒಟ್ಟು ಆರು ಮೆಟ್ಟಿಲು, ಅವಳದು ನಾಲ್ಕನೆಯದು. ಅವಳು ಹೋದರೆ ನಾನೂ ಮಗಳೂ ಹಿಂದೆ ಹೋಗುವವರು. ಅಲ್ಲಿ ಹೋಗಿ ಅವಳ ಬೆನ್ನ ಹಿಂದೆ ಮೂಕನ ಹಾಗೆ ನಿಲ್ಲಬಾರದು ಅಂತ ನಾನೂ ಸೇರಿದೆ. ಎ1 ಮುಗಿಸಿ ಎ2ಗೆ ಬಂದಿದ್ದೇನೆ. ಅಷ್ಟೇ ಕಥೆ.

ಈಗ ಆ ಕ್ರಿಯಾಪದಕ್ಕೆ ಬರೋಣ. ಆನ್‌ತ್ಸೀಯೆನ್. ತ್ಸೀಯೆನ್ ಅಂದರೆ ಎಳೆಯುವುದು. ಆನ್ ಅಂದರೆ ಮೈಗೆ ತಾಗುವ ಹಾಗೆ, ಮೇಲಕ್ಕೆ ಅಂತ ಸುಮಾರಾಗಿ ಹೇಳಬಹುದು. ಎಳೆದು ಮೈಗೆ ಸೇರಿಸುವುದು. ನಾವು ಅವಸರದಲ್ಲಿ "ಪ್ಯಾಂಟ್ ಏರಿಸಿಕೊಂಡು ಓಡಿದೆ" ಅನ್ನುವುದಿಲ್ವಾ, ಆ ಜಾತಿಯ ಪದ. ಮಳೆಗಾಲದಲ್ಲಿ ಒದ್ದೆ ಕಾಲಿಗೆ ಗಂಬೂಟು ಹಾಕುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಏನೆಂದರೆ ಈ ಪದ ವಾಕ್ಯದಲ್ಲಿ ಒಂದೇ ಕಡೆ ಕೂರುವುದಿಲ್ಲ. ಎರಡು ತುಂಡಾಗುತ್ತದೆ. ತ್ಸೀಯೆ ಅನ್ನುವ ಭಾಗ ವಾಕ್ಯದ ಎರಡನೇ ಜಾಗಕ್ಕೆ ಬರುತ್ತದೆ. ಆನ್ ಕೊನೆಗೆ ಹೋಗಿ ಕೂರುತ್ತದೆ. ಮಧ್ಯೆ ಏನು ಬೇಕಾದರೂ ತುಂಬಬಹುದು: ಬೆಳಗ್ಗೆ, ಬೇಗ, ಕತ್ತಲಲ್ಲಿ, ಅಳುತ್ತಾ. ಉಳಿದವರು ಇದಕ್ಕೆ ಬಹಳ ಒದ್ದಾಡಿದರು. ನನಗೆ ಇದು ಕಷ್ಟವಾಗಲಿಲ್ಲ. ಲಂಗಕ್ಕೆ ಲಾಡಿ ಹಾಕಿದವನಿಗೆ ಇದು ಗೊತ್ತಿರುವ ಕೆಲಸ. ಲಾಡಿಯ ಎರಡು ತುದಿ ಹೊರಗೆ, ಬಟ್ಟೆಯೆಲ್ಲ ಮಧ್ಯೆ ಸೇರಿ ನೆರಿಗೆ. ಭೂತಕಾಲದಲ್ಲಿ ಎರಡೂ ತುಂಡು ಮತ್ತೆ ಸೇರಿ, ನಡುವೆ ಒಂದು 'ಗೆ' ತೂರಿಕೊಂಡು ಆನ್‌ಗೆತ್ಸೋಗೆನ್ ಆಗುತ್ತದೆ. ಬಿಗಿಯಾದ ರವಿಕೆಗೆ ಬಗಲಲ್ಲಿ ಒಂದು ತುಂಡು ಕೊಟ್ಟು ಸಡಿಲ ಮಾಡುತ್ತೇವಲ್ಲ, ಹಾಗೆ.

ನನ್ನನ್ನು ಬೀಳಿಸಿದ್ದು ಆ ಮಿಹ್. ಮಿಹ್ ಅಂದರೆ 'ನನ್ನನ್ನು'. ಇಹ್ ತ್ಸೀಯೆ ಮಿಹ್ ಆನ್. ನಾನು ನನ್ನನ್ನು ತೊಡಿಸುತ್ತೇನೆ. ನೀನು ಆದರೆ ದಿಹ್, ಅವನು ಅವಳು ಆದರೆ ಜಿಹ್, ನಾವು ಆದರೆ ಉನ್ಸ್. ಎಲ್ಲವನ್ನೂ ಒಟ್ಟಿಗೆ ಜಿಹ್ ಅಂತಲೇ ಕರೆಯೋಣ. ಈ ಜಿಹ್ ಬಿಟ್ಟರೆ ವಾಕ್ಯ ಬರೀ ಮೈಯಲ್ಲಿ ನಿಂತ ಹಾಗೆ ಅಂತ ಮೇಡಂ ಹೇಳಿದರು. ಅವರು ವಿವರಿಸಿದ್ದು ಇಂಗ್ಲಿಷಿನಲ್ಲಿ. ಪುಸ್ತಕದ ಹಿಂದಿರುವ ಪದಪಟ್ಟಿಯೂ ಇಂಗ್ಲಿಷಿನಲ್ಲಿ. ಅಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಇಂಗ್ಲಿಷಿನವರು ಬಟ್ಟೆ ಹಾಕಿಕೊಳ್ಳುವಾಗಲೂ ಕೂತುಕೊಳ್ಳುವಾಗಲೂ ಶೇವ್ ಮಾಡಿಕೊಳ್ಳುವಾಗಲೂ ಸಾಮಾನ್ಯವಾಗಿ 'ನನ್ನನ್ನು' ಅನ್ನುವುದಿಲ್ಲ. ನಾನೂ ಅವರ ಹಿಂದೆ ಹೋಗಿ ಮಿಹ್ ಕಳೆದುಕೊಂಡೆ.

ಸಿಕ್ಕಿದ್ದು ಮಾರನೇ ದಿನ, ಮನೆಯಲ್ಲೇ.

ಮಗಳಿಗೆ ಐದು ವರ್ಷ. ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅವಳನ್ನು ಸ್ಕೂಲಿಗೆ ತಯಾರು ಮಾಡುವುದು ನನ್ನ ಕೆಲಸ. ಸ್ವೆಟರ್ ಹಿಡಿದುಕೊಂಡು ಹೋದೆ. ಕೈ ತಳ್ಳಿದಳು. "ನೀ ಹಾಕಬೇಡಪ್ಪ, ನಾನೇ ಹಾಕ್ಕೊಳ್ತೀನಿ" ಅಂದಳು. ಸ್ವೆಟರಿನೊಳಗೆ ತಲೆ ಹೋಯಿತು, ಹೊರಗೆ ಬರಲಿಲ್ಲ. ಒಂದು ತೋಳಿನಿಂದ ಎರಡು ಕೈ ಬಂದವು. ನಾನು ಸುಮ್ನೆ ನಿಂತಿದ್ದೆ. ಬಸ್ಸಿಗೆ ತಡವಾಗುತ್ತಿತ್ತು. ಆದರೆ ನನ್ನ ತಲೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು. 'ನೀ ಹಾಕಬೇಡ, ನಾನೇ ಹಾಕ್ಕೊಳ್ತೀನಿ.' ಒಂದು ಹಾಕು, ಇನ್ನೊಂದು ಹಾಕ್ಕೊ. ನಮ್ಮಲ್ಲೇ ಇದೆಯಲ್ಲ ಮಾರಾಯ ಅದು!

ಕೊಳ್ಳು. ಹಾಕು ಹಾಕಿಕೊಳ್ಳು, ಉಡು ಉಟ್ಟುಕೊಳ್ಳು, ತೊಡು ತೊಟ್ಟುಕೊಳ್ಳು. ಮಾಡುವವನಿಗೇ ಕೆಲಸ ವಾಪಸ್ ಬಂದು ತಾಗಿದರೆ ನಾವು ಹಿಂದೆ ಒಂದು ಕೊಳ್ಳು ಹಚ್ಚುತ್ತೇವೆ. ಹಚ್ಚಿದ್ದು ಕಾಣದ ಹಾಗೆ ಒಳಹೊಲಿಗೆ ಹಾಕಿರುತ್ತೇವೆ, ಅಷ್ಟೇ. ಮಾತಾಡುವಾಗ ಅದು ಬರೀ 'ಕೋ' ಆಗಿ ಮುದುಡಿರುತ್ತದೆ. ಹುಟ್ಟಿದಾಗಿನಿಂದ ಹೇಳುತ್ತಿದ್ದರೂ ಅದು ಅಲ್ಲಿದೆ ಅಂತ ನಾನು ಒಂದು ದಿನವೂ ನೋಡಿರಲಿಲ್ಲ.

ಆವತ್ತು ಅಂಗಡಿಗೆ ಹೋಗಿ ಹಳೇ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿ ಮಾಡುತ್ತಾ ಕೂತೆ. ಜಿಹ್ ಜೆಟ್ಸೆನ್, ಕೂತುಕೊಳ್ಳುವುದು. ಜಿಹ್ ಹಿನ್‌ಲೇಗೆನ್, ಮಲಗಿಕೊಳ್ಳುವುದು. ಜಿಹ್ ಕೆಮ್ಮೆನ್, ತಲೆ ಬಾಚಿಕೊಳ್ಳುವುದು. ಇಷ್ಟು ಮೈಗೆ ಸಂಬಂಧಪಟ್ಟವು, ಹೊಂದುವುದು ಸಹಜ ಅಂದುಕೊಳ್ಳಿ. ಮುಂದೆ ನೋಡಿ. ಜಿಹ್ ಎರ್‌ಇನ್ನರ್ನ್, ನೆನಪಿಸಿಕೊಳ್ಳುವುದು. ಜಿಹ್ ಎರ್ಗರ್ನ್, ಸಿಟ್ಟು ಮಾಡಿಕೊಳ್ಳುವುದು. ಜಿಹ್ ಶೇಮೆನ್, ನಾಚಿಕೊಳ್ಳುವುದು. ಸಿಟ್ಟನ್ನು ನಾವೂ ಮಾಡಿ'ಕೊಳ್ಳುತ್ತೇವೆ', ಅವರೂ ತಮಗೇ ಮಾಡಿಕೊಳ್ಳುತ್ತಾರೆ. ಇದು ಹೊಳೆದಾಗ ಕಾಜಾ ಹೊಲಿಯಲು ಬಂದಿದ್ದ ಹುಡುಗನಿಗೂ ಹೇಳಿದೆ. ಅವನು "ಹೌದಾ ಅಣ್ಣ" ಅಂದು ಕೆಲಸ ಮುಂದುವರಿಸಿದ.

ಎಲ್ಲ ಕಡೆ ಹೊಂದುತ್ತದೆ ಅಂತಲೂ ಅಲ್ಲ. ನಾವು ತೆಗೆದುಕೊಳ್ಳುತ್ತೇವೆ, ಇಟ್ಟುಕೊಳ್ಳುತ್ತೇವೆ. ಅವರ ನೇಮೆನ್, ಬೆಹಾಲ್ಟೆನ್‌ಗೆ ಜಿಹ್ ಬೇಕಾಗಿಲ್ಲ. ಅವರು ಖುಷಿಗೂ ಜಿಹ್ ಹಚ್ಚುತ್ತಾರೆ, ನಾವು ಖುಷಿ 'ಪಡುತ್ತೇವೆ'. ಆದರೆ ಏಳುವುದಕ್ಕೆ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನಾನು ಮಾಡಿದ ಪಟ್ಟಿಯಲ್ಲಿ ಹೊಂದಿದ್ದೇ ಜಾಸ್ತಿ. ಪರೀಕ್ಷೆಯಲ್ಲಿ ಅನುಮಾನ ಬಂದರೆ ಮೊದಲು ಕನ್ನಡದಲ್ಲಿ ಹೇಳಿ ನೋಡುತ್ತೇನೆ. ಕೊಳ್ಳು ಬಂದರೆ ಜಿಹ್ ಹಾಕುತ್ತೇನೆ. ಇದನ್ನು ಮೇಡಂಗೆ ಹೇಳಿದೆ. "ಪೂರ್ತಿ ನಂಬಬೇಡಿ" ಅಂದರು. ಆದರೆ ಬರೆದುಕೊಂಡರು. ನೋಡಿ, ಬರೆದು'ಕೊಂಡರು'.

ಜಿಹ್‌ಗೆ ನಮ್ಮಲ್ಲಿ ಇನ್ನೊಬ್ಬ ನೆಂಟನಿದ್ದಾನೆ: 'ತಾನು'. ಅವರ ಜಿಹ್ ಕೂಡ ನಾನು, ನೀನು ಅನ್ನುವ ಕಡೆ ಬರುವುದಿಲ್ಲ, ಅವನು ಅವಳು ಅವರು ಅನ್ನುವ ಕಡೆ ಮಾತ್ರ. ನಮ್ಮ ತನ್ನ, ತಮ್ಮ ಕೂಡ ಹಾಗೇ. ಇದರ ಬೆಲೆ ನನಗೆ ಒಮ್ಮೆ ಚೆನ್ನಾಗಿ ಗೊತ್ತಾಗಿತ್ತು. ಅಣ್ಣತಮ್ಮ ಇಬ್ಬರು ಮದುವೆಗೆ ಒಂದೇ ಥಾನಿನಲ್ಲಿ ಶರ್ಟ್ ಹೊಲಿಸಿದರು. ಅಣ್ಣ ಬಂದು ಒಂದು ಹಾಕಿಕೊಂಡು ಹೋದ. ತಮ್ಮ ಬಂದಾಗ ನನ್ನ ಹುಡುಗ, "ಅವರು ಅವರ ಶರ್ಟ್ ಹಾಕ್ಕೊಂಡು ಹೋದ್ರು" ಅಂದ. ಯಾರ ಶರ್ಟ್? ತಮ್ಮನದ್ದೇ ಹೋಗಿತ್ತು. 'ತಮ್ಮ ಶರ್ಟ್' ಅಂದಿದ್ದರೆ ಸ್ಪಷ್ಟ ಆಗುತ್ತಿತ್ತು ಅಂದುಕೊಂಡೆ, ಆಮೇಲೆ ನಗು ಬಂತು. ತಮ್ಮ ಅಂದರೆ ತಮ್ಮನೂ ಹೌದಲ್ಲ.

ಒಂದು ಕಡೆ ಮಾತ್ರ ನಮ್ಮದಕ್ಕೂ ಅವರದಕ್ಕೂ ದೊಡ್ಡ ವ್ಯತ್ಯಾಸ. ಜರ್ಮನ್‌ನಲ್ಲಿ ಹಾಕುವುದು ಮನುಷ್ಯನನ್ನು. 'ನಾನು ಮಗುವನ್ನು ತೊಡಿಸುತ್ತೇನೆ' ಅನ್ನುವ ಹಾಗೆ ಹೇಳುತ್ತಾರೆ. ಬಟ್ಟೆಯ ಹೆಸರೇ ಬೇಕಾಗಿಲ್ಲ. ನಾವು ಹಾಗೆ ಹೇಳಿದರೆ ಆಗುತ್ತಾ? 'ಮಗುವನ್ನು ಹಾಕಿದೆ' ಅಂದರೆ ಪೊಲೀಸರು ಬರುತ್ತಾರೆ. ನಮಗೆ ಬಟ್ಟೆ ಬೇಕು: ಮಗುವಿಗೆ ಅಂಗಿ ಹಾಕಿದೆ. ಬಟ್ಟೆಯ ಹೆಸರು ಬಂದ ತಕ್ಷಣ ಜರ್ಮನ್ ಕೂಡ ನಮ್ಮ ದಾರಿಗೆ ಬರುತ್ತದೆ ಅನ್ನುವುದು ಇನ್ನೊಂದು ಮಜಾ. ಆಗ ಮಿಹ್ ಹೋಗಿ ಮಿಯರ್ ಆಗುತ್ತದೆ, 'ನನ್ನನ್ನು' ಹೋಗಿ 'ನನಗೆ'. ಇಹ್ ತ್ಸೀಯೆ ಮಿಯರ್ ದೀ ಯಾಕೆ ಆನ್. ನಾನು ನನಗೆ ಜಾಕೆಟ್ ಹಾಕಿಕೊಳ್ಳುತ್ತೇನೆ.

ಹೌದು, ಜಾಕೆಟ್‌ಗೆ ಅವರು 'ಯಾಕೆ' ಅನ್ನುತ್ತಾರೆ. ಬರೆಯುವುದು ಜಾಕ್ ಥರ, ಕೇಳುವುದು ನಮ್ಮ ಕಿವಿಗೆ ಯಾಕೆ ಅಂತ. ಇದು ಮಗಳಿಗೆ ಗೊತ್ತಾದ ಮೇಲೆ ಮನೆಯಲ್ಲಿ ನೆಮ್ಮದಿ ಇಲ್ಲ. "ಯಾಕೆ ಹಾಕ್ಕೋ" ಅಂತ ಅವಳಮ್ಮ ಹೇಳಿದರೆ "ಯಾಕೆ?" ಅನ್ನುತ್ತಾಳೆ. "ಚಳಿ ಅಲ್ವಾ, ಅದಕ್ಕೆ" ಅಂದರೆ "ಯಾಕೆ ಯಾಕೆ?" ಅನ್ನುತ್ತಾಳೆ. ದಿನಾ ಬೆಳಗ್ಗೆ ಇದು ನಡೆಯುತ್ತದೆ. ನನಗೆ ಈ ಪದ ಇನ್ನು ಸಾಯುವವರೆಗೆ ಮರೆಯುವುದಿಲ್ಲ.

ಬಟ್ಟೆಯನ್ನು ನೋಡುವ ವಿಷಯಕ್ಕೆ ಬಂದರೆ ನಮ್ಮ ಭಾಷೆಯಷ್ಟು ಸೂಕ್ಷ್ಮ ಅವರದು ಇಲ್ಲ. ಇದು ಟೈಲರನಾಗಿ ನನ್ನ ತೀರ್ಮಾನ, ಜಗಳಕ್ಕೆ ಬರಬೇಡಿ. ಅವರಿಗೆ ಅಂಗಿ, ಕಾಲುಚೀಲ, ಬೂಟು, ಕೋಟು ಎಲ್ಲಕ್ಕೂ ಒಂದೇ ಆನ್‌ತ್ಸೀಯೆನ್ ನಡೆಯುತ್ತದೆ. ನಾವು ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಹೂ ಮುಡಿಯುತ್ತೇವೆ, ಪೇಟ ಸುತ್ತುತ್ತೇವೆ, ವಾಚು ಕಟ್ಟುತ್ತೇವೆ, ಕುಂಕುಮ ಇಡುತ್ತೇವೆ. ನನ್ನ ಅಮ್ಮ ಇವತ್ತಿಗೂ ಇದನ್ನು ತಪ್ಪುವುದಿಲ್ಲ. ಈಗಿನವರು ಎಲ್ಲದಕ್ಕೂ 'ಹಾಕ್ಕೊ' ಅನ್ನುತ್ತಾರೆ. ಹೂವನ್ನೂ ಹಾಕ್ಕೊ, ಸೀರೆಯನ್ನೂ ಹಾಕ್ಕೊ. ನಾವೂ ನಿಧಾನಕ್ಕೆ ಜರ್ಮನ್ ಆಗುತ್ತಿದ್ದೇವೆ ಅಂತ ಕಾಣುತ್ತದೆ.

ಉಡುಗೆ ತೊಡುಗೆ ಅಂತ ಜೋಡಿಸಿ ಹೇಳುತ್ತೇವಲ್ಲ, ಆ ಎರಡು ಪದದ ನಡುವೆ ನನ್ನ ಹೊಟ್ಟೆಪಾಡು ಇದೆ. ಉಡುವುದು ಹೊಲಿಯದ ಬಟ್ಟೆ. ಸುತ್ತಿಕೊಂಡರೆ ಆಯಿತು, ಟೈಲರ್ ಬೇಡ. ತೊಡುವುದಕ್ಕೆ ತೋಳು ಬೇಕು, ಕತ್ತು ಬೇಕು, ಅಳತೆ ಬೇಕು, ನಾನು ಬೇಕು. ಜಗತ್ತೆಲ್ಲ ಉಟ್ಟುಕೊಂಡೇ ಇದ್ದಿದ್ದರೆ ಅಪ್ಪ ಶನಿವಾರಸಂತೆಯಲ್ಲೇ ಇರುತ್ತಿದ್ದರು. ಬಳೆಯನ್ನೂ ತೊಡುತ್ತೇವೆ ಅನ್ನಬಹುದು ನೀವು. ಅದು ಬಳೆಗಾರರ ಪಾಲು, ಬಿಡಿ.

ಈ ಲೆಕ್ಕ ಕೊಡಗಿನಲ್ಲಿ ಒಂದು ಕಡೆ ತಪ್ಪುತ್ತದೆ: ಕುಪ್ಯ. ಕೊಡವರ ಗಂಡಸರು ಮದುವೆ, ಹಬ್ಬಕ್ಕೆ ಹಾಕುವ ಮೊಣಕಾಲು ದಾಟುವ ಉದ್ದದ ನಿಲುವಂಗಿ. ಹೊಲಿದದ್ದೇ, ಅರ್ಧ ತೋಳೂ ಇದೆ. ಆದರೆ ಮುಂದೆ ಗುಂಡಿ ಸಾಲು ಇಲ್ಲ. ಒಂದು ಮಗ್ಗುಲು ಇನ್ನೊಂದರ ಮೇಲೆ ಬರುವ ಹಾಗೆ ಸುತ್ತಿ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿದ ಮೇಲೆ ಅದು ಕುಪ್ಯ. ಅದಕ್ಕಿಂತ ಮುಂಚೆ ಹ್ಯಾಂಗರಿನಲ್ಲಿ ನೇತಾಡುವ ಕಪ್ಪು ಬಟ್ಟೆ. ತೋಳಿಗೆ ತೊಡಬೇಕು, ಮೈಗೆ ಸುತ್ತಬೇಕು, ಸೊಂಟಕ್ಕೆ ಕಟ್ಟಬೇಕು. ಮೂರು ಕ್ರಿಯಾಪದ ಬೇಕಾಗುವ ಒಂದು ಬಟ್ಟೆ. ಮೇಡಂಗೆ ಇದನ್ನು ಜರ್ಮನ್‌ನಲ್ಲಿ ವಿವರಿಸಲು ಹೋಗಿ ಅರ್ಧ ಗಂಟೆ ಹೋಯಿತು. ಕೊಡವ ಹೆಂಗಸರ ಸೀರೆಗೆ ನೆರಿಗೆ ಹಿಂದೆ ಬರುತ್ತದೆ, ಸೆರಗು ಬಲಭುಜಕ್ಕೆ ಬರುತ್ತದೆ ಅಂತ ಶುರು ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಒಳ್ಳೆಯದೇ ಆಯಿತು.

ಆಗೊಮ್ಮೆ ಈಗೊಮ್ಮೆ ನನಗೆ ಕಿಟ್ಟೆಲ್ ನೆನಪಾಗುತ್ತಾರೆ. ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್‌ನಿಂದ ಈ ಕಡೆ ಬಂದವರು. ಮಂಗಳೂರು, ಧಾರವಾಡದ ಜೊತೆಗೆ ನಮ್ಮ ಮಡಿಕೇರಿಯಲ್ಲೂ ಇದ್ದರು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅಚ್ಚಾಯಿತು. ಅವರಿಗಿಂತ ಮುಂಚೆ ಹರ್ಮನ್ ಮೋಗ್ಲಿಂಗ್ ಕೂಡ ಕೊಡಗಿನಲ್ಲಿ ಇದ್ದವರೇ. 1843ರಲ್ಲಿ ಮಂಗಳೂರ ಸಮಾಚಾರ ಅನ್ನುವ ಮೊದಲ ಕನ್ನಡ ಪತ್ರಿಕೆ ಶುರು ಮಾಡಿದವರು, ಆಮೇಲೆ ಕೊಡಗಿನ ಬಗ್ಗೆ ಪುಸ್ತಕವನ್ನೂ ಬರೆದರು. ಅಂದರೆ ಸುಮಾರು 170 ವರ್ಷದ ಹಿಂದೆ ಇದೇ ಮಳೆಯಲ್ಲಿ, ಇದೇ ಮಂಜಿನಲ್ಲಿ ಒಬ್ಬ ಜರ್ಮನ್ ಮನುಷ್ಯ ಕೂತು, ಉಡು ಬೇರೆ, ತೊಡು ಬೇರೆ, ಉಟ್ಟುಕೊಳ್ಳು ಬೇರೆ ಅಂತ ತಲೆ ಕೆಡಿಸಿಕೊಂಡಿರಬೇಕು. ಯಾರನ್ನೋ ಹಿಡಿದು ಕೇಳಿರಬೇಕು. ಅವನೂ ನಕ್ಕಿರಬೇಕು. ಉಡು ಅಂದರೆ ಆ ದೊಡ್ಡ ಹಲ್ಲಿಯಂಥ ಪ್ರಾಣಿಯೂ ಹೌದು ಅಂತ ಗೊತ್ತಾದಾಗ ಅವರು ಏನು ಮಾಡಿದರೋ! ಇದು ನೆನಪಾದಾಗ ನನ್ನ 'ಇಹ್ ತ್ಸೀಯೆ ಆನ್' ಅಷ್ಟೇನೂ ಅವಮಾನ ಅನಿಸುವುದಿಲ್ಲ.

ಆನ್‌ತ್ಸೀಯೆನ್‌ಗೂ ಹೀಗೇ ಬೇರೆ ಬೇರೆ ಅರ್ಥ. ವಿಚಿತ್ರ ಅಂದರೆ ಎಲ್ಲವೂ ನನ್ನ ಅಂಗಡಿಯಲ್ಲೇ ಇವೆ. ನೆಲಕ್ಕೆ ಬಿದ್ದ ಗುಂಡುಸೂಜಿ ಆರಿಸಲು ನಾನು ಹಳೇ ಸ್ಪೀಕರಿನ ಅಯಸ್ಕಾಂತ ಇಟ್ಟಿದ್ದೇನೆ. ಅದು ಸೂಜಿ ಸೆಳೆದರೆ ಆನ್‌ತ್ಸೀಯೆನ್. ಮೆಷಿನ್ನಿನ ಸೂಜಿ ಸಡಿಲವಾಗಿ ಸ್ಕ್ರೂ ಬಿಗಿ ಮಾಡಿದರೆ ಆನ್‌ತ್ಸೀಯೆನ್. ಗಿರಾಕಿ ಟ್ರಯಲ್‌ಗೆ ಪ್ಯಾಂಟ್ ಹಾಕಿದರೆ ಆನ್‌ತ್ಸೀಯೆನ್. ಸೂಟಿಗೆ ಆನ್‌ತ್ಸೂಕ್ ಅನ್ನುತ್ತಾರೆ, ಅದೂ ಇದೇ ಬೇರಿನದು. ನನ್ನಂಥವನಿಗೆ ಶ್ನೈಡರ್ ಅನ್ನುತ್ತಾರೆ, ಕತ್ತರಿಸುವವನು ಅಂತ. ಹೊಲಿಯುವವನು ಅಂತ ಅಲ್ಲ. ಅದು ಸರಿ ಅಂತಲೇ ನಾನು ಹೇಳುವುದು. ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿ ತಪ್ಪಿದರೆ ಮುಗಿಯಿತು.

ಬೆಲೆ ಏರಿದರೂ ಅದೇ ಪದ. ಹೆಂಡತಿಯ ಪುಸ್ತಕದಲ್ಲಿ ಕಾಫಿ ಬೆಲೆ 'ಆನ್‌ತ್ಸೀಯೆನ್' ಆಗುತ್ತಿದೆ ಅಂತ ಒಂದು ಸುದ್ದಿ ಇತ್ತು. ಕಾಫಿ ಬಟ್ಟೆ ಹಾಕಿಕೊಂಡಿತಾ ಅಂತ ಮಗಳು ಕೇಳಿದಳು. ಕೇಳಿದ್ದು ಪೂರ್ತಿ ತಪ್ಪಲ್ಲ. 2024ರಲ್ಲಿ ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿದಾಗ, ಮೂರು ವರ್ಷದಿಂದ ಹಳೇ ಕೋಟಿಗೆ ಅಸ್ತರ್ ಬದಲಿಸುತ್ತಿದ್ದವರೂ ಬಂದು ಹೊಸದು ಹೊಲಿಸಿಕೊಂಡರು. ಹೊಲಿಸಿಕೊಂಡರು. ಈ ಪದವನ್ನು ಬಿಚ್ಚಿ ನೋಡಿ. ಹೊಲಿ, ಅದಕ್ಕೆ ಇಸು, ಅದಕ್ಕೆ ಕೊಳ್ಳು. ಹೊಲಿಯುವವನು ಬೇರೆ, ಹೊಲಿಸಿದವನು ಬೇರೆ, ಬಟ್ಟೆ ಯಾರ ಮೈಗೆ ಅನ್ನುವುದು ಕೊನೆಗೆ. ಒಂದೇ ಪದದಲ್ಲಿ ಅಂಗಡಿ ಪೂರ್ತಿ ಇದೆ. ಇದನ್ನೇ ಜರ್ಮನ್‌ನಲ್ಲಿ ಹೇಳಲು ಇಹ್ ಲಾಸ್ಸೆ ಮಿಯರ್ ಐನೆನ್ ಆನ್‌ತ್ಸೂಕ್ ನೇಯೆನ್ ಅಂತ ಊರು ಸುತ್ತಬೇಕು.

ಜಿಹ್ ಮರೆತರೆ, ಇಲ್ಲವೇ ಬೇಡದ ಕಡೆ ಹಚ್ಚಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇನ್ನೊಂದು. ಉಮ್‌ತ್ಸೀಯೆನ್. ಜಿಹ್ ಇದ್ದರೆ ಬಟ್ಟೆ ಬದಲಿಸುವುದು. ಇಲ್ಲದಿದ್ದರೆ ಮನೆ ಬದಲಿಸುವುದು. ಔಸ್‌ತ್ಸೀಯೆನ್ ಕೂಡ ಹಾಗೇ, ಜಿಹ್ ಇದ್ದರೆ ಬಟ್ಟೆ ಬಿಚ್ಚುವುದು, ಇಲ್ಲದಿದ್ದರೆ ಮನೆ ಖಾಲಿ ಮಾಡುವುದು. ಕ್ಲಾಸಿನಲ್ಲಿ ಒಬ್ಬಳು ಹುಡುಗಿ, ಆಗಸ್ಟಿನಲ್ಲಿ ಹೊಸ ಬಾಡಿಗೆ ಮನೆಗೆ ಹೋಗುತ್ತೇವೆ ಅಂತ ಹೇಳಲು ಹೋಗಿ, ಆಗಸ್ಟಿನಲ್ಲಿ ಬಟ್ಟೆ ಬದಲಿಸುತ್ತೇವೆ ಅಂದಳು. ಮೇಡಂ ಬೆಂಗಳೂರಿನವರು, ಅವರಿಗೆ ನಗು. ನಾನು ನಗಲಿಲ್ಲ. ಕೊಡಗಿನಲ್ಲಿ ಆಗಸ್ಟಿನಲ್ಲಿ ಬಟ್ಟೆ ಬದಲಿಸುವುದು ನಿಜವಾಗಿಯೂ ಹೇಳಿಕೊಳ್ಳುವಂಥ ವಿಷಯ. ಒಗೆದದ್ದು ವಾರವಾದರೂ ಒಣಗಿರುವುದಿಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಅಂಗಿಗೆ ಹೊಗೆ ವಾಸನೆ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಬಟ್ಟೆಯಿಂದ ಆವಿ ಏಳುತ್ತದೆ.

ರಾತ್ರಿ ಇದನ್ನು ಹೆಂಡತಿಗೆ ಹೇಳಿದೆ. ನಕ್ಕಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜಿಹ್ ಇಲ್ಲದ ಉಮ್‌ತ್ಸೀಯೆನ್ ನಮ್ಮ ಮನೆಯಲ್ಲಿ ಬರೀ ವ್ಯಾಕರಣ ಅಲ್ಲ. "ಅಂಗಡಿ ಏನು ಮಾಡೋದು ಅಂತ ಯೋಚ್ನೆ ಮಾಡಿದ್ರಾ?" ಅಂದಳು. ಮಾಡಿಲ್ಲ ಅಂದೆ. ಮಾಡಿದ್ದೆ.

ಅವಳ ಪುಸ್ತಕದಲ್ಲಿ ಈ ಕ್ರಿಯಾಪದ ಬೇರೆ ಥರ ಬರುತ್ತದೆ. ನಾನು ನನ್ನನ್ನು ತೊಡಿಸಲು ಕಲಿಯುತ್ತಿದ್ದರೆ ಅವಳು ಬೇರೆಯವರನ್ನು ತೊಡಿಸಲು ಕಲಿಯುತ್ತಿದ್ದಾಳೆ. 'ಬಟ್ಟೆ ಹಾಕಿಕೊಳ್ಳಲು ನಾನು ನಿಮಗೆ ಸಹಾಯ ಮಾಡಲಾ?' 'ನೀವೇ ಹಾಕಿಕೊಳ್ಳಬಲ್ಲಿರಾ?' ಇಂಥವು. ಸ್ಟ್ರೋಕ್ ಆದವರಿಗೆ ಅಂಗಿ ಹಾಕುವ ಕ್ರಮವನ್ನು ನನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದಳು. ಹಾಕುವಾಗ ಶಕ್ತಿ ಇಲ್ಲದ ಕೈ ಮೊದಲು, ಬಿಚ್ಚುವಾಗ ಗಟ್ಟಿ ಇರುವ ಕೈ ಮೊದಲು. 22 ವರ್ಷ ತೋಳು ಕೂರಿಸಿದವನಿಗೆ ಇದು ಗೊತ್ತಿರಲಿಲ್ಲ. ಎಷ್ಟು ಸರಳ ನೋಡಿ. ಬಾಗದ ಕೈಗೆ ಪೂರ್ತಿ ಬಟ್ಟೆ ಸಡಿಲವಾಗಿ ಸಿಗಬೇಕು, ಬಾಗುವ ಕೈ ಹೇಗಾದರೂ ನುಸುಳುತ್ತದೆ.

ಅದು ಉಪಯೋಗಕ್ಕೆ ಬಂದದ್ದು ನವೆಂಬರಿನಲ್ಲಿ. ಅಪ್ಪನ ಕಾಲದಿಂದ ಬರುವ ಒಬ್ಬರು ಹಿರಿಯರು ಇದ್ದಾರೆ, ಕೊಡವರು. ನಾನು ಅಂಕಲ್ ಅನ್ನುತ್ತೇನೆ. ಸ್ಟ್ರೋಕ್ ಆಗಿ ಬಲಗೈ ಸರಿಯಾಗಿ ಕೇಳುತ್ತಿರಲಿಲ್ಲ. ಆಂಟಿ ಕೈಹಿಡಿದುಕೊಂಡು ಕರೆದುಕೊಂಡು ಬಂದರು. ಡಿಸೆಂಬರಿನಲ್ಲಿ ಅಣ್ಣನ ಮೊಮ್ಮಗನ ಮದುವೆ. ಕುಪ್ಯ ಹಳೆಯದೇ ಇದೆ, ಒಳಗೆ ಹಾಕುವ ಬಿಳಿ ತುಂಬುತೋಳಿನ ಶರ್ಟ್ ಹೊಸದು ಬೇಕು.

ಅಳತೆ ತೆಗೆದೆ. ಆಂಟಿ ಥಾನು ನೋಡಲು ಆ ಕಡೆ ಹೋದಾಗ ಅಂಕಲ್ ಮೆಲ್ಲಗೆ, "ಗುಂಡಿ ಬೇಡ ಮಾರಾಯ" ಅಂದರು. "ದಿನಾ ಬೆಳಗ್ಗೆ ಮಗು ಹಾಗೆ ನಿಂತುಕೊಳ್ಳಬೇಕು ನಾನು. ಅವಳು ಒಂದೊಂದೇ ಗುಂಡಿ ಹಾಕ್ತಾಳೆ. ಏನೂ ಅನ್ನೋದಿಲ್ಲ. ಆದ್ರೂ." ಅಷ್ಟಕ್ಕೇ ನಿಲ್ಲಿಸಿದರು.

ಗುಂಡಿ ಇಲ್ಲದ ಶರ್ಟ್ ಮದುವೆಗೆ ಹೇಗೆ ಹಾಕುವುದು? ಎರಡು ದಿನ ಯೋಚನೆ ಮಾಡಿದೆ. ಮುಂದಿನ ಪಟ್ಟಿಯ ಒಳಗೆ ವೆಲ್ಕ್ರೋ ತುಂಡು ಹೊಲಿದೆ, ಪೂರ್ತಿ ಉದ್ದಕ್ಕೆ ಅಲ್ಲ, ಐದು ಕಡೆ. ಉದ್ದಕ್ಕೆ ಹಾಕಿದರೆ ಬಟ್ಟೆ ಹಲಗೆ ಹಾಗೆ ನಿಲ್ಲುತ್ತದೆ. ಹೊರಗಡೆ ಅದೇ ಜಾಗದಲ್ಲಿ ಗುಂಡಿ ಹಚ್ಚಿದೆ, ಬರೀ ನೋಟಕ್ಕೆ. ಕೈಪಟ್ಟಿಗೆ ಒಳಗಿನಿಂದ ಎಲಾಸ್ಟಿಕ್. ಬಲಗಡೆ ಬಗಲು ಮುಕ್ಕಾಲು ಇಂಚು ಸಡಿಲ. ಹೆಂಡತಿ ರಾತ್ರಿ ಅದನ್ನು ಕೈಯಲ್ಲಿ ಹಿಡಿದು, ಒಂದೇ ಕೈಯಿಂದ ಹಾಕಿ ಬಿಚ್ಚಿ ನೋಡಿದಳು. ಕಾಲರ್ ಹತ್ತಿರದ್ದು ಕತ್ತಿಗೆ ಚುಚ್ಚುತ್ತೆ ಅಂದಳು. ಅದನ್ನು ತೆಗೆದು ಟಿಚ್ ಬಟನ್ ಹಾಕಿದೆ. ಅದು ಒಂದೇ ಕೈಗೆ ಕಷ್ಟ. ಮತ್ತೆ ವೆಲ್ಕ್ರೋ ಹಾಕಿ ಮೇಲೆ ಮೆತ್ತನೆ ಬಟ್ಟೆ ಕೊಟ್ಟೆ.

ಟ್ರಯಲ್‌ಗೆ ಬಂದರು. ನನ್ನ ಟ್ರಯಲ್ ರೂಮ್ ಅಂದರೆ ಒಂದು ಮೂಲೆ, ಒಂದು ಪರದೆ. ಅಂಕಲ್ ಶರ್ಟ್ ತೆಗೆದುಕೊಂಡು ಒಳಗೆ ಹೋದರು. ಆಂಟಿ ಅಭ್ಯಾಸದಂತೆ ಹಿಂದೆ ಹೊರಟರು. ಒಳಗಿಂದ "ನಾನೇ ಹಾಕ್ಕೊಳ್ತೀನಿ" ಅಂತ ಕೇಳಿಸಿತು. ಆಂಟಿ ನಿಂತರು. ನಾನು "ಬಲಗೈ ಮೊದಲು ಹಾಕಿ ಅಂಕಲ್" ಅಂತ ಹೇಳಿ ಮೆಷಿನ್ನಿನ ಮುಂದೆ ಕೂತೆ.

ಬಹಳ ಹೊತ್ತಾಯಿತು. ಪರದೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಏನೋ ಗೋಡೆಗೆ ತಾಗಿದ ಸದ್ದು. ಆಂಟಿ ನನ್ನನ್ನು ನೋಡಿದರು. ನಾನು ಬಾಬಿನ್ ತೆಗೆದು ಸುಮ್ನೆ ಮತ್ತೆ ಹಾಕಿದೆ. ಕಾಜಾ ಹುಡುಗ ಕೂಡ ಸೂಜಿ ನಿಲ್ಲಿಸಿದ್ದ. ಆಮೇಲೆ ವೆಲ್ಕ್ರೋ ಅಂಟುವ ಸದ್ದು, ಒಂದು, ಎರಡು. ಮೂರನೆಯದು ಬಿಚ್ಚಿ ಮತ್ತೆ ಅಂಟಿತು.

ಪರದೆ ಸರಿಸಿ ಬಂದಾಗ ಶರ್ಟ್ ಹಾಕಿಕೊಂಡಿದ್ದರು. ತಂದಿದ್ದ ಕುಪ್ಯವನ್ನು ಅದರ ಮೇಲೆ ಏರಿಸಿದರು, ಬಲಗೈ ಮೊದಲು. ಅರ್ಧ ತೋಳು, ಅಗಲ ಬಗಲು, ಅದು ಸಲೀಸಾಗಿ ಬಂತು. ಚೇಲೆ ಮಾತ್ರ ಎರಡು ಕೈ ಬೇಡುತ್ತದೆ. ಅಂಕಲ್ ಅದನ್ನು ಆಂಟಿಯ ಕೈಗೆ ಕೊಟ್ಟು, ಎರಡೂ ತೋಳು ಸ್ವಲ್ಪ ಎತ್ತಿ ನಿಂತು, ಕಟ್ಟಿಸಿಕೊಂಡರು. ಆಂಟಿ ಬಿಗಿದರು, "ಹೊಟ್ಟೆ ಒಳಗೆ ಎಳ್ಕೊಳ್ಳಿ" ಅಂದರು.

ಅಂಕಲ್ ಕನ್ನಡಿ ಮುಂದೆ ಹೋಗಿ ಮೇಲಿಂದ ಕೆಳಗೆ ನೋಡಿಕೊಂಡರು. ಕೈಪಟ್ಟಿ ನೋಡಿದರು.

"ಎಡಗಡೆ ತೋಳು ಸ್ವಲ್ಪ ಉದ್ದ ಆಯ್ತಲ್ವಾ?" ಅಂದರು.

ಆಗಿತ್ತು. ಅರ್ಧ ಇಂಚು.